ಹುಣ್ಣಿಗೆ ಜೇನು

ಜೇನ್ನೊಣದ ಎಂಜಲನ್ನು ದೇವರ ಅಭಿಷೇಕಕ್ಕೇ ಒಪ್ಪಿಕೊಂಡ ಜನ ನಾವು. ಹುಣ್ಣಿಗೆ ಹಚ್ಚುವುದರಲ್ಲಿ ಆಶ್ಚರ್ಯವೇನು? ಸುಶ್ರುತನೂ ಹೇಳಿದ್ದಾನೆ. ಆದರೆ ಸುಶ್ರುತ ಹೇಳಿದನೆಂದೇ ಒಪ್ಪುವ ಜಾಯಮಾನ ನನ್ನದಲ್ಲ, ಕಾರಣ ಬೇಕು.

ಕಾರಣ ಒಂದಲ್ಲ. ಜೇನಿನಲ್ಲಿ ನೀರು ನೂರಕ್ಕೆ ಸುಮಾರು 18 ಭಾಗ ಮಾತ್ರ. ಅದರ ಸಕ್ಕರೆ ರೋಗಾಣುವಿನ ಮೈಯ ನೀರನ್ನೇ ಹೀರುತ್ತದೆ. ಹುಳಿಯೂ ಉಂಟು. ಹುಣ್ಣಿನ ರಸ ಬೆರೆತೊಡನೆ ನೊಣದ ಕಿಣ್ವವೊಂದು ಹೈಡ್ರೋಜನ್ ಪೆರಾಕ್ಸೈಡನ್ನು ತುಸುತುಸುವೇ ಹುಟ್ಟಿಸುತ್ತದೆ. ಮೆಥಿಸಿಲಿನ್ ಔಷಧಿಗೆ 1961ರಷ್ಟು ಹಿಂದೆಯೇ ಜಗ್ಗದೆ ನಿಂತ ಸ್ಟೆಫೈಲೊಕಾಕಸ್ಸೂ ಪ್ರಯೋಗಶಾಲೆಯಲ್ಲಿ ಜೇನಿಗೆ ಸೋತಿದೆ. ಒಂದು ಬಾಗಿಲಿಗೆ ಅಗುಳಿ ಹಾಕಲು ಕಲಿತವನು ಮೂರು ಬಾಗಿಲು ಕಾಯಬೇಕು, ಪಾಪ!

ಗಾಜಿನ ತಟ್ಟೆಯ ಗೆಲವು ಕಾಲಿನ ಗೆಲವಲ್ಲ, ನಿಜ. ಸಕ್ಕರೆ ಕಾಯಿಲೆಯ ನಮ್ಮ ತಾಯಿಯವರ ಹೆಬ್ಬೆರಳ ಹುಣ್ಣು ಎರಡು ಆ್ಯಂಟಿಬಯಾಟಿಕ್‌ಗಳಿಗೆ ಮಣಿಯದೆ, ಬೆರಳು ತೆಗೆಯುವ ಮಾತು ಬಂದಾಗ, ಡಾಕ್ಟರು ಮೂರನೆಯದರ ಜೊತೆಗೆ ಜೇನಿನ ಪಟ್ಟಿಯನ್ನೂ ಕಟ್ಟಿದರು. “ಸಿಹಿ ತಿನ್ನಬೇಡಿ ಅಂತೀರಿ, ಕಾಲಿಗೆ ಬಳೀತೀರಿ” ಎಂದು ಅಮ್ಮ ನಕ್ಕರು. ಬೆರಳು ಉಳಿಯಿತು. ಉಳಿಸಿದ್ದು ಯಾವುದೆಂದು ಡಾಕ್ಟರೂ ಆಣೆಮಾಡಿ ಹೇಳಲಿಲ್ಲ.

ನೆಂಟರೊಬ್ಬರು ಕೊಡಗಿನ ಜೇನಿನ ಸೀಸೆ ತಂದು, ಇನ್ನು ಇದನ್ನೇ ಹಚ್ಚಿ ಎಂದರು. ಕೂಡದು. ಅಡಿಗೆಮನೆಯ ಜೇನಿನಲ್ಲಿ ರೋಗಾಣುಗಳ ಬೀಜಕಗಳು ಅಡಗಿರಬಹುದು. ಆಸ್ಪತ್ರೆಯದು ಗಾಮಾ ಕಿರಣ ಹಾಯಿಸಿ ಶುದ್ಧಿಮಾಡಿದ್ದು. ಸೀಸೆ ಮಕ್ಕಳ ದೋಸೆಗಾಯಿತು.