ಹೂಳು ಉಳಿಸಿದ ಊರು

ವಿಯೆಟ್ನಾಂನ ಮಧ್ಯಭಾಗದಲ್ಲಿ ಥು ಬೋನ್ ಅಂತ ಒಂದು ನದಿ. ಅದು ಸಮುದ್ರ ಸೇರೋ ಜಾಗದ ಹತ್ತಿರ ಹೊಯ್ ಆನ್ ಅನ್ನೋ ಹಳೇ ಬಂದರು ಊರು. ಇನ್‌ಸ್ಟಾಗ್ರಾಂನಲ್ಲಿ ನೀವು ನೋಡಿರೋ ಹಳದಿ ಗೋಡೆಗಳು, ಸಾಲುಸಾಲು ಬಣ್ಣದ ಲಾಂದ್ರಗಳು ಅಲ್ಲಿನವೇ. ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ವರು ಅಲ್ಲಿಗೆ ಹೋಗಿದ್ವಿ: ಇಬ್ಬರು ಸಿವಿಲ್, ಒಬ್ಬ ಮೆಕ್ಯಾನಿಕಲ್, ಒಬ್ಬಳು ಕಂಪ್ಯೂಟರ್ ಸೈನ್ಸ್. ಹೊರಟಿದ್ದು ಊರು ನೋಡೋಕೆ. ಆದರೆ ನಾಲ್ಕು ದಿನವೂ ನಾವು ಹೆಚ್ಚು ಮಾತಾಡಿದ್ದು ಮಣ್ಣಿನ ಬಗ್ಗೆ.

ಮೊದಲು ಗಾಡಿ ವಿಷಯ, ಯಾಕಂದ್ರೆ ನೀವು ಕೇಳೋದು ಅದನ್ನೇ. ನಮ್ಮ ದೇಶ ಕೊಡೋ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಂ ಒಪ್ಪೋದು 1968ರ ವಿಯೆನ್ನಾ ಒಪ್ಪಂದದ ಪರ್ಮಿಟ್. ಬಾಡಿಗೆ ಅಂಗಡಿಯವರು 125 ಸಿಸಿ ಬೈಕಿನ ಕೀಲಿಯನ್ನ ನಗುನಗುತ್ತಾ ಕೈಗಿಡ್ತಾರೆ ನಿಜ, ಆದರೆ ಅದನ್ನ ಓಡಿಸೋಕೆ ನಮಗೆ ಕಾನೂನಿನ ಒಪ್ಪಿಗೆ ಇಲ್ಲ. 50 ಸಿಸಿ ಒಳಗಿನ ಗಾಡಿಗೆ ಲೈಸೆನ್ಸ್ ಕೇಳಲ್ಲ. ನಾವು ಅಂಥವೇ ನಾಲ್ಕು ತಗೊಂಡ್ವಿ. ರಸ್ತೆಯ ಬಲಗಡೆ ಓಡಿಸೋದು ಅರ್ಧ ದಿನದಲ್ಲಿ ಅಭ್ಯಾಸ ಆಯ್ತು. ವೇಗ ಇಲ್ಲ ಅಂತ ಗೊಣಗ್ತಿದ್ದ ಮೆಕ್ಯಾನಿಕಲ್ ಗೆಳೆಯನೂ ಭತ್ತದ ಗದ್ದೆಗಳ ನಡುವೆ ಬಂದಮೇಲೆ ಸುಮ್ಮನಾದ.

ಹಳೇ ಊರಿನ ಒಳಗೆ ನಡೆದಾಡುವವರಿಗೆ ಮೀಸಲಾದ ಹೊತ್ತಿನಲ್ಲಿ ಗಾಡಿ ಬಿಡಲ್ಲ. ಹೊರಗೆ ನಿಲ್ಲಿಸಿ ನಡೀಬೇಕು. 16, 17ನೇ ಶತಮಾನದಲ್ಲಿ ಜಪಾನ್, ಚೀನಾದ ವರ್ತಕರು ಇಲ್ಲಿ ಬೀದಿ ಬೀದಿಯಾಗಿ ನೆಲೆಸಿದ್ದರು. ಆಮೇಲೆ ನದಿಯಲ್ಲಿ ಹೂಳು ತುಂಬ್ತಾ ಬಂತು. ದೊಡ್ಡ ಹಡಗುಗಳಿಗೆ ಆಳ ಸಾಲದೆ ವ್ಯಾಪಾರ ಉತ್ತರದ ದಾ ನಾಂಗ್‌ಗೆ ಹೋಯ್ತು. ಅಲ್ಲಿ ಹೊಸ ಕಟ್ಟಡಗಳು ಎದ್ದವು. ಇಲ್ಲಿ ದುಡ್ಡೇ ಇಲ್ಲ, ಹಳೇ ಮನೆ ಕೆಡವಿ ಹೊಸದು ಕಟ್ಟೋರು ಯಾರು? ಬಂದರನ್ನ ಮುಗಿಸಿದ ಹೂಳೇ ಊರನ್ನ ಉಳಿಸಿತು. 1999ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು.

ನದಿ ಇವತ್ತಿಗೂ ಮನೆಯೊಳಗೆ ಬರುತ್ತೆ. ಟಾನ್ ಕಿ ಅನ್ನೋ ಹಳೇ ವರ್ತಕರ ಮನೆಯ ಗೋಡೆ ಮೇಲೆ ಪ್ರವಾಹದ ಗುರುತುಗಳಿವೆ. 1964ರದ್ದು ನಮ್ಮ ತಲೆಗಿಂತ ಮೇಲಿತ್ತು. ಮಹಡಿಯ ನೆಲದಲ್ಲಿ ಒಂದು ಕಿಂಡಿ ಬಿಟ್ಟಿದ್ದಾರೆ. ನೀರು ಏರಿದಾಗ ಸಾಮಾನನ್ನೆಲ್ಲ ಅದರ ಮೂಲಕ ಮೇಲಕ್ಕೆ ಎಳೆದುಕೊಳ್ಳೋಕೆ. ನೀರನ್ನ ತಡೆಯೋ ಪ್ರಯತ್ನವೇ ಇಲ್ಲ, ಅದು ಬಂದು ಹೋಗೋಕೆ ಜಾಗ ಬಿಟ್ಟಿದ್ದಾರೆ ಅಷ್ಟೇ. ನಮ್ಮ ಸಿವಿಲ್ ಜೋಡಿ ಆ ಕಿಂಡಿಯ ಕೆಳಗಿಂದ ಕದಲೋಕೆ ಅರ್ಧ ಗಂಟೆ ಬೇಕಾಯ್ತು.

ಎರಡನೇ ದಿನ ನದಿಯ ಮೇಲ್ದಿಕ್ಕಿಗೆ ಹೊರಟ್ವಿ. ಊರು ಬಿಟ್ಟು ಮೂರು ಕಿಲೋಮೀಟರಿಗೆ ಥಾನ್ ಹಾ ಅನ್ನೋ ಕುಂಬಾರರ ಹಳ್ಳಿ. ಒಬ್ಬ ಅಜ್ಜಿ ಕಾಲಲ್ಲಿ ತಿಗರಿ ತಿರುಗಿಸಿ ಕೊಡ್ತಿದ್ದರು, ಇನ್ನೊಬ್ಬರು ಕೈಯಲ್ಲಿ ಮಡಕೆ ಎತ್ತುತ್ತಿದ್ದರು. ಮಣ್ಣು ಇದೇ ನದಿಯದ್ದು. ಮುಂದೆ ದಾರಿಯಲ್ಲಿ ಟ್ರಾ ಕಿಯೂ ಸಿಗುತ್ತೆ. ಈಗ ಸಾಧಾರಣ ಊರು, ಒಂದು ಕಾಲಕ್ಕೆ ಚಂಪಾ ರಾಜರ ರಾಜಧಾನಿ ಸಿಂಹಪುರ. ಸಮುದ್ರದ ಹತ್ತಿರ ಬಂದರು, ನಡುವೆ ರಾಜಧಾನಿ, ಬೆಟ್ಟದ ಬುಡದಲ್ಲಿ ದೇವಸ್ಥಾನ, ಮೂರನ್ನೂ ಪೋಣಿಸಿದ್ದು ಥು ಬೋನ್.

ಆ ದೇವಸ್ಥಾನಗಳ ಜಾಗವೇ ಮಿ ಸನ್, ಹೊಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್. 4ನೇ ಶತಮಾನದಲ್ಲಿ ಭದ್ರವರ್ಮ ಇಲ್ಲಿ ಭದ್ರೇಶ್ವರ ಅನ್ನೋ ಶಿವನಿಗೆ ಗುಡಿ ಕಟ್ಟಿಸಿದ. ಶಾಸನಗಳು ಸಂಸ್ಕೃತದಲ್ಲಿವೆ, ಚಾಮ್ ಭಾಷೆಯಲ್ಲೂ ಇವೆ. ಕೆಂಪು ಇಟ್ಟಿಗೆಯ ಗೋಡೆಗೆ ಕಣ್ಣು ತಾಗಿಸಿ ನೋಡಿದ್ರೂ ಇಟ್ಟಿಗೆಗಳ ನಡುವೆ ಗಾರೆಯ ಗೆರೆ ಕಾಣಲ್ಲ. ಮರದ ಅಂಟು ಬಳಸಿದ್ದರು ಅಂತ ಕೆಲವರು, ಇಟ್ಟಿಗೆಗಳನ್ನ ಒಂದಕ್ಕೊಂದು ಉಜ್ಜಿ ತೆಳು ಜೇಡಿಯಲ್ಲಿ ಕೂರಿಸಿದ್ದರು ಅಂತ ಕೆಲವರು. ಸಂಶೋಧಕರಲ್ಲಿ ಇನ್ನೂ ಒಮ್ಮತ ಇಲ್ಲ.

ಇಷ್ಟು ಶತಮಾನ ನಿಂತಿದ್ದ ಇಲ್ಲಿನ ಅತಿ ದೊಡ್ಡ ಗೋಪುರ 1969ರ ಅಮೆರಿಕನ್ ಬಾಂಬ್ ದಾಳಿಯಲ್ಲಿ ಹೋಯ್ತು. ಬಾಂಬ್ ಬಿದ್ದ ಗುಂಡಿಗಳು ಗುಡಿಗಳ ಪಕ್ಕದಲ್ಲೇ ಇವೆ, ಮೇಲೆ ಹುಲ್ಲು ಬೆಳೆದಿದೆ. ಉಳಿದದ್ದನ್ನ ನಿಲ್ಲಿಸೋಕೆ 1980ರ ದಶಕದಲ್ಲಿ ಪೋಲೆಂಡಿನ ವಾಸ್ತುಶಿಲ್ಪಿ ಕಾಜಿಕ್ ಬಂದರು. ಹೊಯ್ ಆನ್ ಉಳಿಸಬೇಕು ಅಂತ ಹಟ ಹಿಡಿದವರಲ್ಲೂ ಅವರು ಒಬ್ಬರು, ಅವರ ಪ್ರತಿಮೆ ಅಲ್ಲಿದೆ. ಇತ್ತೀಚೆಗೆ ನಮ್ಮ ಭಾರತೀಯ ಪುರಾತತ್ವ ಇಲಾಖೆಯೂ ಇಲ್ಲಿ ಕೆಲಸ ಮಾಡಿದೆ. ಆ ಕೆಲಸದಲ್ಲೇ 2020ರಲ್ಲಿ ಏಕಶಿಲೆಯ ಒಂದು ಶಿವಲಿಂಗ ಸಿಕ್ಕಿತು. ಹೊಸ ಇಟ್ಟಿಗೆ ಎಲ್ಲಿ ಸೇರಿದೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಗೊತ್ತಾಗಲೇಬೇಕು, ಇಲ್ಲದಿದ್ರೆ ಹಳೆಯದ್ಯಾವುದು ಅಂತ ಮುಂದಿನವರಿಗೆ ತಿಳಿಯೋದು ಹೇಗೆ ಅಂದಳು ಕಂಪ್ಯೂಟರ್ ಸೈನ್ಸ್ ಗೆಳತಿ. ಕೋಡ್‌ನಲ್ಲಿ ಕಾಮೆಂಟ್ ಬರೆಯೋ ಹಾಗೆ.

ಕೊನೇ ದಿನ ನದಿಯ ಇನ್ನೊಂದು ತುದಿಗೆ ಹೋದ್ವಿ, ಅದು ಸಮುದ್ರ ಸೇರೋ ಕುವಾ ಡೈಗೆ. ಹೆಸರುವಾಸಿ ಬೀಚ್ ಅದು. ಹತ್ತು ವರ್ಷಕ್ಕೂ ಹಿಂದಿನಿಂದ ಸಮುದ್ರ ಅದನ್ನ ತಿನ್ನುತ್ತಾ ಬಂದಿದೆ. ಎಷ್ಟೋ ಕಡೆ ಮರಳಿನ ಬದಲು ಮರಳು ಚೀಲಗಳೇ ಕಂಡವು. ನಮ್ಮಲ್ಲೊಬ್ಬ ಉಳ್ಳಾಲದವನು. ಅವನಿಗೆ ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ.

ಕಾರಣಗಳಲ್ಲಿ ಮುಖ್ಯವಾದದ್ದು ನದಿಯ ಮೇಲ್ಭಾಗದಲ್ಲಿದೆ. ಅಲ್ಲಿ ಜಲವಿದ್ಯುತ್ ಅಣೆಕಟ್ಟುಗಳು ಬಂದಿವೆ. ಸೊಂಗ್ ಟ್ರಾನ್ 2 ಒಂದರದ್ದೇ ಸಾಮರ್ಥ್ಯ 190 ಮೆಗಾವಾಟ್. ನದಿ ಹೊತ್ತು ತರೋ ಮರಳು ಜಲಾಶಯದಲ್ಲೇ ಕೂರುತ್ತೆ. ಕೆಳಗೆ ಬಂದದ್ದನ್ನ ಕಟ್ಟಡ ಕಟ್ಟೋಕೆ ಬಗೀತಾರೆ. ದಡದ ತನಕ ತಲುಪೋದು ಕಮ್ಮಿ, ಅಲೆ ಎಳೆದುಕೊಂಡು ಹೋಗೋದು ಮಾತ್ರ ಮೊದಲಿನಷ್ಟೇ. ಒಂದು ಕಾಲಕ್ಕೆ ಹೂಳು ಹೆಚ್ಚಾಗಿ ಬಂದರು ಸತ್ತ ನದಿಯಲ್ಲಿ, ಈಗ ಮರಳು ಸಾಲದೆ ದಡ ಸಾಯ್ತಿದೆ.

ಅಣೆಕಟ್ಟು ಕಟ್ಟಿದ ಎಂಜಿನಿಯರುಗಳು ದಡ್ಡರೇನಲ್ಲ. ಊರಿಗೆ ಕರೆಂಟು ಬೇಕಿತ್ತು, ಕೊಟ್ಟರು. ಹೊಯ್ ಆನ್‌ನಲ್ಲಿ ರಾತ್ರಿ ಲಾಂದ್ರಗಳು ಉರಿಯೋದು ಕರೆಂಟಲ್ಲೇ, ನಾವು ಫೋನ್ ಚಾರ್ಜ್ ಮಾಡಿದ್ದೂ ಅದರಲ್ಲೇ. ಆದರೆ ಪರೀಕ್ಷೆಯಲ್ಲಿ ಜಲಾಶಯದ ಹೂಳಿನ ಲೆಕ್ಕ ಬಂದಾಗ ನಾವು ಕಲಿತಿರೋದು ಒಂದೇ ಪ್ರಶ್ನೆ: ಜಲಾಶಯ ಎಷ್ಟು ವರ್ಷದಲ್ಲಿ ತುಂಬುತ್ತೆ? ಅಲ್ಲಿ ನಿಂತ ಆ ಹೂಳಿಗಾಗಿ ಕೆಳಗೆ ಯಾರು ಕಾಯ್ತಿದ್ದರು ಅನ್ನೋದು ಪ್ರಶ್ನೆಪತ್ರಿಕೆಯಲ್ಲಿ ಇರಲ್ಲ. ಮುಂದಿನ ಸೆಮಿಸ್ಟರ್ ಪ್ರಾಜೆಕ್ಟಿಗೆ ನಮ್ಮ ಸಿವಿಲ್ ಜೋಡಿ ಅದನ್ನೇ ಎತ್ತಿಕೊಂಡಿದೆ, ಈ ಸಲ ನಮ್ಮ ನೇತ್ರಾವತಿಗೆ. ಲೆಕ್ಕ ಹಾಕೋಕೆ ಇನ್ನೂ ಇಬ್ಬರು ಬೇಕಂತೆ. ಆಸಕ್ತಿ ಇದ್ದರೆ ಬನ್ನಿ.