ಆಚಾರ್ಯರ ಸಾಲಿಗ್ರಾಮ, ಅಪ್ಪನ ಜಲಪ್ರಳಯ

ಕಳೆದ ಡಿಸೆಂಬರಿನಲ್ಲಿ ನಮ್ಮ ತಂದೆಯವರು ಧಾರವಾಡದಿಂದ ಹೈದರಾಬಾದಿಗೆ ಬಂದಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಚಾರ್‌ಮಿನಾರು, ಸಾಲಾರ್‌ಜಂಗ್ ಎಲ್ಲ ತೋರಿಸಿಯಾದ ಮೇಲೆ, ಮಗಳ ಹಠಕ್ಕಾಗಿ ಒಂದು ದಿನ ಬಿರ್ಲಾ ವಿಜ್ಞಾನ ಕೇಂದ್ರಕ್ಕೂ ಹೋದೆವು. ಅಲ್ಲಿ ಕೋಟಾಸಾರಸ್ ಎಂಬ ಡೈನೋಸಾರಿನ ಅಸ್ಥಿಪಂಜರವನ್ನು ನಿಲ್ಲಿಸಿರುವುದು ಇಲ್ಲಿನ ನಮ್ಮವರಿಗೆಲ್ಲ ಗೊತ್ತಿದೆ. ಆದಿಲಾಬಾದ್ ಕಡೆಯ ಯಮನಪಲ್ಲಿಯಲ್ಲಿ 1970ರ ದಶಕದಲ್ಲಿ ಭೂವಿಜ್ಞಾನ ಇಲಾಖೆಯವರು ಅಗೆದು ತೆಗೆದ ಎಲುಬುಗಳು ಅವು. ಹೆಸರಿಟ್ಟದ್ದು 1988ರಲ್ಲಿ. 15 ಕೋಟಿ ವರ್ಷಕ್ಕೂ ಹಿಂದಿನ ಪ್ರಾಣಿ.

ಅಪ್ಪ ಕೋಲೂರಿಕೊಂಡು ಬಹಳ ಹೊತ್ತು ಅದನ್ನೇ ನೋಡಿದರು. "ಇವೆಲ್ಲಾ ಒಂದ ಪ್ರಾಣಿವು ಏನಪಾ?" ಎಂದರು. ಇಲ್ಲ, ಒಂದೇ ಕಡೆ ಅನೇಕ ಪ್ರಾಣಿಗಳ ಎಲುಬು ಕಲೆತು ಬಿದ್ದಿದ್ದವು, ಹೊಂದಿಸಿ ನಿಲ್ಲಿಸಿದ್ದಾರೆ ಎಂದೆ. "ಮತ್ತ ತಲಿ?" ತಲೆಬುರುಡೆ ಸಿಗಲಿಲ್ಲ, ಕೆಲವು ಹಲ್ಲು ಮಾತ್ರ ಸಿಕ್ಕವು, ಹತ್ತಿರದ ಜಾತಿಯ ಪ್ರಾಣಿಗಳನ್ನು ನೋಡಿ ತಲೆ ಮಾಡಿದ್ದು ಎಂದೆ. ಅಪ್ಪ ಮೊಮ್ಮಗಳ ಕಡೆ ತಿರುಗಿ, "ನೋಡವಾ, ಇವರಿಗೂ ಒಂಚೂರು ನಂಬಿಕಿ ಬೇಕಾತು" ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಈ ವಿಷಯವನ್ನು ನಮ್ಮಿಬ್ಬರ ನಡುವೆ ಯಾರೂ ಎತ್ತಿ ಇಪ್ಪತ್ತೈದು ವರ್ಷವಾಗಿತ್ತು.

ನಮ್ಮದು ಬಾಸೆಲ್ ಮಿಶನ್ ಮನೆತನ. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಹೊರಬಂದದ್ದು ಇದೇ ಮಿಶನ್ನಿನ ಮಂಗಳೂರು ಮುದ್ರಣಾಲಯದಿಂದ ಎಂದರೆ ಓದುಗರಿಗೆ ಹೆಚ್ಚಿನ ಪರಿಚಯ ಬೇಡ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಭಾನುವಾರ ಸಂಡೇ ಸ್ಕೂಲಿಗೂ ಅವರೇ ಮಾಸ್ತರರು. ಮನೆಯಲ್ಲಿ ಅಜ್ಜನ ಕಾಲದ ಒಂದು ಇಂಗ್ಲಿಷ್ ಬೈಬಲ್ ಇತ್ತು. ಅದರ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಇಸವಿಗಳು. ಸೃಷ್ಟಿಯ ಪುಟದಲ್ಲಿ ಕ್ರಿ.ಪೂ. 4004. ಇದು ಬೈಬಲಿನ ಮಾತಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ 1650ರಲ್ಲಿ ಪಿತೃಗಳ ವಯಸ್ಸನ್ನು ಕೂಡಿಸಿ ಹಾಕಿದ ಲೆಕ್ಕ, ಮುಂದೆ ಅಚ್ಚಿನವರು ಅಂಚಿಗೆ ಸೇರಿಸಿದ್ದು. ಆಡಿಟ್ಟಿನ ಭಾಷೆಯಲ್ಲಿ ಹೇಳುವುದಾದರೆ ಟಿಪ್ಪಣಿಯೇ ಆದೇಶವಾಗಿಬಿಟ್ಟಿತ್ತು. ಆದರೆ ಅದು ನನಗೆ ತಿಳಿದದ್ದು ಎಷ್ಟೋ ತಡವಾಗಿ.

ನಮ್ಮ ಓಣಿಯಲ್ಲಿ ಎದುರು ಮನೆ ಆಚಾರ್ಯರದು. ಅಪ್ಪನಿಗೂ ಅವರಿಗೂ ಗಳಸ್ಯ ಕಂಠಸ್ಯ. ಅವರ ದೇವರ ಪೆಟ್ಟಿಗೆಯಲ್ಲಿ ಒಂದು ಸಾಲಿಗ್ರಾಮ. ನಾನು ಹೊಸ್ತಿಲಾಚೆ ನಿಂತು ಇಣುಕುತ್ತಿದ್ದುದನ್ನು ಕಂಡು, ಒಂದು ದಿನ ಪೂಜೆಯಾದ ಮೇಲೆ ಆಚಾರ್ಯರೇ ಅದನ್ನು ಅಂಗೈಯಲ್ಲಿಟ್ಟುಕೊಂಡು ತಂದು ತೋರಿಸಿದರು. ಕರಿಯ ಕಲ್ಲು, ಒಂದು ಕಡೆ ಒಡೆದ ಬಾಯಿ, ಒಳಗೆ ಸುರುಳಿ ಸುತ್ತಿದ ಚಕ್ರ. ಗಂಡಕೀ ನದಿಯಲ್ಲಿ ವಜ್ರಕೀಟವೆಂಬ ಹುಳು ಕೊರೆದದ್ದು ಎಂದರು. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ತಮ್ಮ ರೀತಿಯಲ್ಲಿ ವಿವರಿಸಿದರು: ಅದು ಸಮುದ್ರದ ಚಿಪ್ಪು, ಹಿಮಾಲಯದಲ್ಲಿ ಸಮುದ್ರದ ಚಿಪ್ಪು ಸಿಗುತ್ತದೆಂದರೆ ನೋಹನ ಕಾಲದ ನೀರು ಬೆಟ್ಟಗಳನ್ನು ಮುಳುಗಿಸಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಯಾಕೆ? ಸಂಜೆ ಕಟ್ಟೆಯ ಮೇಲೆ ಇಬ್ಬರಿಗೂ ಇದೇ ವಾದ. "ಆಚಾರ್ರೇ, ನಿಮ್ಮ ದೇವರ ಪೆಟಿಗ್ಯಾಗ ನಮ್ಮ ನೋಹನ ಸಾಕ್ಷಿ ಇಟಗೊಂಡೀರಿ" ಎಂದು ಅಪ್ಪ. "ಮಾಸ್ತರ್ರೇ, ನಿಮ್ಮ ನೋಹನ ಹಡಗ ನಮ್ಮ ಮತ್ಸ್ಯಾವತಾರನ ಎಳದಿದ್ದು" ಎಂದು ಆಚಾರ್ಯರು. ಯಾರೂ ಸೋಲುತ್ತಿರಲಿಲ್ಲ. ಚಹಾ ಬರುತ್ತಿತ್ತು.

ಮೂರನೆಯ ಉತ್ತರ ನನಗೆ ಬಿ.ಎಸ್ಸಿ. ತರಗತಿಯಲ್ಲಿ ಸಿಕ್ಕಿತು. ಅದರ ಹೆಸರು ಅಮೊನೈಟ್. ನಮ್ಮ ಆಕ್ಟೋಪಸ್ಸಿನ ದೂರದ ಬಂಧು. ಚಿಪ್ಪಿನೊಳಗೆ ಕೋಣೆಗಳ ಸಾಲು. ಪ್ರಾಣಿ ಕೊನೆಯ ಕೋಣೆಯಲ್ಲಿ ವಾಸ, ಉಳಿದವು ನೀರಿನಲ್ಲಿ ತೇಲುವುದಕ್ಕೆ. ಭಾರತ ಮತ್ತು ಏಷ್ಯಾ ಖಂಡಗಳ ನಡುವೆ ಹಿಂದೆ ಟೆಥಿಸ್ ಎಂಬ ಸಮುದ್ರವಿತ್ತು. ಭಾರತ ಹೋಗಿ ಏಷ್ಯಾಕ್ಕೆ ಒತ್ತಿದಾಗ ಆ ಸಮುದ್ರದ ತಳವೇ ಮಡಿಚಿ ಮೇಲೆದ್ದು ಹಿಮಾಲಯವಾಯಿತು. ನೀರು ಬೆಟ್ಟಕ್ಕೆ ಏರಿದ್ದಲ್ಲ, ಕಡಲತಳವೇ ಬೆಟ್ಟವಾದದ್ದು.

ಇದನ್ನು ಮನೆಯಲ್ಲಿ ಕೂತು ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. 1999ರ ಒಂದು ಭಾನುವಾರ ಅಪ್ಪ ಸಂಡೇ ಸ್ಕೂಲಿನಲ್ಲಿ ಜಲಪ್ರಳಯದ ಪಾಠ ಮಾಡುತ್ತ ಅದೇ ಚಿಪ್ಪಿನ ಸಂಗತಿ ತೆಗೆದರು. ಬಾಗಿಲ ಬಳಿ ನಿಂತಿದ್ದ ನಾನು, "ಅಪ್ಪಾ, ಹುಡುಗರಿಗೆ ಸುಳ್ಳು ಕಲಸಬ್ಯಾಡ್ರಿ" ಎಂದುಬಿಟ್ಟೆ. ಇಪ್ಪತ್ತು ಮಕ್ಕಳಾದರೂ ಇದ್ದವು. ಅಪ್ಪ ಖಡುವನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, ಪ್ರಾರ್ಥನೆ ಮುಗಿಸಿ ಹೊರಗೆ ಹೋದರು. ಮುಂದಿನ ವಾರದಿಂದ ಬೇರೆಯವರು ಪಾಠಕ್ಕೆ ಬಂದರು. ಅಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೆಲಸ ಸಿಕ್ಕ ಮೇಲೆ ನಾಲ್ಕು ವರ್ಷ ನಾಗಪುರದಲ್ಲಿದ್ದೆ. ಅಲ್ಲಿ ಹಿಸ್ಲಪ್ ಎಂಬ ಹೆಸರಿನ ಕಾಲೇಜು ಇದೆ. ಯಾರಿವರು ಎಂದು ವಿಚಾರಿಸಿದರೆ, ಸ್ಟೀಫನ್ ಹಿಸ್ಲಪ್, 1845ರಲ್ಲಿ ನಾಗಪುರಕ್ಕೆ ಬಂದ ಸ್ಕಾಟ್ಲೆಂಡಿನ ಪಾದ್ರಿ. ಶಾಲೆ ನಡೆಸುತ್ತ, ಸುವಾರ್ತೆ ಸಾರುತ್ತ, ಬಿಡುವಿನಲ್ಲಿ ಸುತ್ತಿಗೆ ಹಿಡಿದು ಕಲ್ಲು ಒಡೆಯುತ್ತಿದ್ದವರು. ಜೊತೆಗಾರ ಪಾದ್ರಿ ಹಂಟರ್ ಅವರೊಡನೆ ನಾಗಪುರದ ಸುತ್ತಲಿನ ಪಳೆಯುಳಿಕೆಗಳ ಬಗ್ಗೆ ಅವರು ಬರೆದ ಲೇಖನ 1855ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ ಬಂತು. ಡಾರ್ವಿನ್ನರ ಗ್ರಂಥಕ್ಕೆ ಇನ್ನೂ ನಾಲ್ಕು ವರ್ಷವಿತ್ತು. 1863ರ ಸೆಪ್ಟೆಂಬರಿನಲ್ಲಿ, ಹಳೆಯ ಕಲ್ಲುವೃತ್ತಗಳನ್ನು ನೋಡಿ ರಾತ್ರಿ ಕುದುರೆಯ ಮೇಲೆ ಮರಳುವಾಗ ತುಂಬಿದ ಹಳ್ಳದಲ್ಲಿ ಮುಳುಗಿ ತೀರಿಕೊಂಡರು.

ಅವರು ಕಂಡದ್ದೇನೆಂದು ಅಲ್ಲಿನ ಭೂವಿಜ್ಞಾನ ಇಲಾಖೆಯ ಗೆಳೆಯರೊಬ್ಬರು ನನಗೆ ತೋರಿಸಿದರು. ನಾಗಪುರದಿಂದ ನಮ್ಮ ಬೆಳಗಾವಿ, ವಿಜಯಪುರದವರೆಗೂ ಇರುವ ಕರಿಕಲ್ಲು ಜ್ವಾಲಾಮುಖಿಯ ಲಾವಾ. ಅದು ಒಂದೇ ಸಲ ಹರಿದದ್ದಲ್ಲ. ಒಂದು ಪದರ ಆರಿ ಕಲ್ಲಾಯಿತು. ಅದರ ತಗ್ಗಿನಲ್ಲಿ ನೀರು ನಿಂತು ಕೆರೆಯಾಯಿತು. ಕೆರೆಯಲ್ಲಿ ಬಸವನಹುಳುಗಳು ಹುಟ್ಟಿ, ಬೆಳೆದು, ಸತ್ತು ಕೆಸರಿನಲ್ಲಿ ಹೂತವು. ಆಮೇಲೆ ಮತ್ತೊಂದು ಲಾವಾ ಬಂದು ಎಲ್ಲವನ್ನೂ ಮುಚ್ಚಿತು. ಹೀಗೆ ಎಷ್ಟೋ ಸಲ. ಇದೆಲ್ಲ ನಡೆದದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ ಎಂಬುದು ಲಾವಾದಲ್ಲಿನ ಪೊಟ್ಯಾಸಿಯಂ ನಿಧಾನವಾಗಿ ಆರ್ಗಾನ್ ಆಗುವ ಲೆಕ್ಕದಿಂದ ತಿಳಿಯುತ್ತದೆ. ಆ ಲೆಕ್ಕ ಹಿಸ್ಲಪ್ಪರಿಗೆ ಗೊತ್ತಿರಲಿಲ್ಲ. ಆದರೂ ಇವು ಸಮುದ್ರದವಲ್ಲ, ಸಿಹಿನೀರಿನವು ಎಂದು ಆ ಪಾದ್ರಿ ಗುರುತಿಸಿ ಬರೆದಿಟ್ಟರು. ಅದನ್ನು ಓದಿ ನನಗೆ ನಾಚಿಕೆಯಾಯಿತು. ಯಾರನ್ನೂ ಸುಳ್ಳರೆನ್ನದೆ ಕಂಡದ್ದನ್ನು ಹೇಳುವುದು ಸಾಧ್ಯವಿತ್ತು.

ಗೆಳೆಯರು ಚಿಪ್ಪುಗಳಿರುವ ಒಂದು ಕಲ್ಲನ್ನು ಕೊಟ್ಟಿದ್ದರು. ಅದು ಹದಿನೈದು ವರ್ಷದಿಂದ ನನ್ನ ಕಪಾಟಿನಲ್ಲಿತ್ತು. ಪ್ರತಿ ಸಲ ಊರಿಗೆ ಹೊರಟಾಗಲೂ ಚೀಲಕ್ಕೆ ಹಾಕುವುದು, ಮತ್ತೆ ತೆಗೆಯುವುದು.

ವಿಜ್ಞಾನ ಕೇಂದ್ರದಿಂದ ಮರಳಿದ ಸಂಜೆ ಮಗಳು ಅಜ್ಜನಿಗೆ ತಿಮಿಂಗಿಲದ ಪಾಠ ಶುರುಮಾಡಿದಳು. ಅದರ ಪೂರ್ವಜರು ನೆಲದ ಮೇಲೆ ನಾಲ್ಕು ಕಾಲಲ್ಲಿ ನಡೆಯುತ್ತಿದ್ದವಂತೆ. ನಾನೂ ಸೇರಿಕೊಂಡೆ. ಎ. ರಂಗರಾವ್ ಎಂಬ ನಮ್ಮ ಭೂವಿಜ್ಞಾನಿ ಕಾಶ್ಮೀರದ ಕಾಲಾಕೋಟ್ ಕಡೆಯಿಂದ ಎಷ್ಟೋ ಕಲ್ಲುಗಳನ್ನು ತಂದಿಟ್ಟಿದ್ದರು. ಅವರು ತೀರಿಕೊಂಡ ಮೇಲೂ ಹೆಂಡತಿ ಅವನ್ನು ಜೋಪಾನ ಮಾಡಿದ್ದರು. ಆ ಕಲ್ಲುಗಳಲ್ಲಿ ಸಿಕ್ಕ, 4.8 ಕೋಟಿ ವರ್ಷ ಹಿಂದಿನ, ದೊಡ್ಡ ಬೆಕ್ಕಿನಷ್ಟಿದ್ದ ಗೊರಸಿನ ಪ್ರಾಣಿಯ ಕಿವಿಯ ಎಲುಬು ತಿಮಿಂಗಿಲದ್ದರಂತೆಯೇ ಇದೆ ಎಂದು 2007ರಲ್ಲಿ ಪ್ರಕಟವಾಯಿತು. ಇಂಡೋಹಯಸ್ ಎಂದು ಹೆಸರು. ತಿಮಿಂಗಿಲಕ್ಕೆ ಬಹಳ ಹತ್ತಿರದ ಬಂಧು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದರು. "ಆದಿಕಾಂಡದಾಗ ಸಮುದ್ರದ ದೊಡ್ಡ ಪ್ರಾಣಿ ಐದನೇ ದಿನ, ನೆಲದ ಪ್ರಾಣಿ ಆರನೇ ದಿನ. ನೀವು ತಂದಿ ಮಗಳು ಅದಲಿ ಬದಲಿ ಮಾಡಾಕತ್ತೀರಿ" ಎಂದರು. ನಾನು ಭಾನುವಾರ ದೇವಾಲಯಕ್ಕೆ ಹೋಗುವವನೇ. ಆದರೆ ಆ ಆರು ದಿನಗಳನ್ನು ಈ ಕಲ್ಲುಗಳ ಜೊತೆ ಹೊಂದಿಸಲು ನನಗೆ ಆಗಿಲ್ಲ. ಹಾಗೆಂದೇ ಹೇಳಿದೆ, ಈ ಸಲ ಮೆಲ್ಲಗೆ.

ಆಮೇಲೆ ಎದ್ದು ಹೋಗಿ ಕಲ್ಲು ತಂದು ಅವರ ಕೈಯಲ್ಲಿಟ್ಟೆ. ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಉಗುರಿನಿಂದ ಸವರಿ ನೋಡಿದರು.

"ಇದು ಸಮುದ್ರದ್ದಲ್ಲೋ. ಕೆರಿ ಹುಳ. ಇಂಥಾವು ಸಾಧನಕೇರಿ ದಂಡ್ಯಾಗ ಎಷ್ಟ ನೋಡೇನಿ."

"ಹೌದ್ರಿ ಅಪ್ಪಾ."

"ಇದರ ಕೆಳಗ?"

"ಲಾವಾದ ಕಲ್ಲು."

"ಮ್ಯಾಲ?"

"ಅದೂ ಲಾವಾದ್ದೇ."

ಸತ್ಯವೇದದ ಪ್ರಕಾರ ನೀರು ನಿಂತದ್ದು ನೂರೈವತ್ತು ದಿನ. ಅಪ್ಪ ಅದನ್ನೇ ಲೆಕ್ಕ ಹಾಕುತ್ತಿದ್ದರೆಂದು ನನಗನ್ನಿಸಿತು. ಬಹಳ ಹೊತ್ತಿನ ಮೇಲೆ, "ಬೆಂಕಿ ನಡುವ ಕೆರಿ ತುಂಬಿ ಹುಳ ಸಂಸಾರ ಮಾಡಬೇಕಂದ್ರ ಭಾಳ ದಿನ ಬೇಕು. ಮಾಡಿದಾವ ಒಬ್ಬ ಇದ್ದಾನ, ಅದನ್ನ ನಾ ಬಿಡಂಗಿಲ್ಲ" ಎಂದರು. ಬಿಡಿ ಎಂದು ನಾನೂ ಹೇಳಲಿಲ್ಲ. ಊರಿಗೆ ಹೊರಡುವ ದಿನ ಕಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಆಚಾರ್ಯರಿದ್ದಿದ್ದರೆ ತೋರಿಸಬಹುದಿತ್ತು ಎಂದರು. ಅವರು ಹೋಗಿ ಆರು ವರ್ಷವಾಯಿತು. ಸಾಲಿಗ್ರಾಮ ಈಗ ಪುಣೆಯಲ್ಲಿ ಮಗನ ಮನೆಯಲ್ಲಿದೆ.

ಹೋದ ವಾರ ಫೋನು ಬಂತು. ಅಪ್ಪ ಸಂಡೇ ಸ್ಕೂಲಿಗೆ ಹೋಗಿ ಮಕ್ಕಳ ಕೈಗೆಲ್ಲ ಆ ಕಲ್ಲು ಕೊಟ್ಟು ತೋರಿಸಿದರಂತೆ. ಕತೆ ಏನೆಂದು ಕೇಳಿದವರಿಗೆ, ಅದನ್ನು ನನ್ನ ಮಗ ಬಂದು ಹೇಳುತ್ತಾನೆ ಎಂದಿದ್ದಾರೆ. ನನಗೆ ರಜೆ ಯಾವಾಗ ಎಂದು ವಿಚಾರಿಸಿದರು. ಅರ್ಜಿ ಸೆಕ್ಷನ್ ಆಫೀಸರರ ಮೇಜಿನ ಮೇಲಿದೆ.