ಸರ್ವರಿಗೂ ಆದರದ ಸ್ವಾಗತ

ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಧಾರವಾಡದಲ್ಲಿ ಆಮಂತ್ರಣ ಪತ್ರಿಕೆಗಳ ಮಳೆ ಆರಂಭವಾಗುತ್ತದೆ. ಸಂಗೀತ ಸಭೆ, ನಾಟಕ, ದತ್ತಿ ಉಪನ್ಯಾಸ, ಕವಿಗೋಷ್ಠಿ, ಪುಸ್ತಕ ಬಿಡುಗಡೆ, ಚಿತ್ರಕಲಾ ಪ್ರದರ್ಶನ ಎಂದು ದಿನಕ್ಕೊಂದು ಪತ್ರಿಕೆ ಗುರುನಿವಾಸದ ಮೇಜಿಗೆ ಬಂದು ಬೀಳುತ್ತದೆ. ಪ್ರತಿಯೊಂದರಲ್ಲೂ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಉಪಸ್ಥಿತರು ಎಂದು ಹೆಸರುಗಳ ಉದ್ದನೆಯ ಸಾಲು. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಸಣ್ಣ ಅಕ್ಷರಗಳಲ್ಲಿ, ಒಂದು ಮಾತು ಇರುತ್ತದೆ: 'ಸರ್ವರಿಗೂ ಆದರದ ಸ್ವಾಗತ'.

ಈ ಕೊನೆಯ ಸಾಲನ್ನು ನಾವು ಸಾಮಾನ್ಯವಾಗಿ ಓದುವುದಿಲ್ಲ. ಅದು ರೂಢಿಯ ಮಾತು, ಅಚ್ಚುಕೂಟದವರೇ ಸೇರಿಸುವ ಮಾತು ಎಂದು ಬಿಟ್ಟುಬಿಡುತ್ತೇವೆ. ಆದರೆ ಒಮ್ಮೆ ನಿಂತು ಯೋಚಿಸಿದರೆ, ಪತ್ರಿಕೆಯಲ್ಲಿ ನಮಗೆ ಸಂಬಂಧಿಸಿದ ಸಾಲು ಅದೊಂದೇ. ವೇದಿಕೆಯ ಮೇಲೆ ಕೂರುವವರ ಸಂಖ್ಯೆ ಐದೋ ಆರೋ. ಉಳಿದ ಇಡೀ ಊರು ಆ 'ಸರ್ವರು' ಎಂಬ ಪದದಲ್ಲಿದೆ. ಆ ಪದದಲ್ಲಿ ನಮ್ಮ ಧರ್ಮಕೇಂದ್ರದ ಕುಟುಂಬಗಳೂ ಸೇರಿವೆಯೇ? ಸೇರಿದ್ದರೆ, ಆ ಕುರ್ಚಿಗಳಲ್ಲಿ ನಮ್ಮನ್ನು ಕಾಣುವುದು ಇಷ್ಟು ಅಪರೂಪವೇಕೆ?

ಧಾರವಾಡ ದೊಡ್ಡ ಊರೇನಲ್ಲ. ಆದರೂ ಸಂಗೀತ ಬಲ್ಲವರು ದೇಶದ ಯಾವ ಮೂಲೆಯಲ್ಲಿದ್ದರೂ ಈ ಊರಿನ ಹೆಸರು ಕೇಳಿದೊಡನೆ ಕಿವಿ ನಿಮಿರಿಸುತ್ತಾರೆ. ಇದು ಹೇಗಾಯಿತು? ಇಲ್ಲಿ ಅರಮನೆಯಿರಲಿಲ್ಲ, ದೊಡ್ಡ ದರ್ಬಾರು ಇರಲಿಲ್ಲ. ಇದ್ದದ್ದು ದಾರಿ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು (1872–1937) ಮಹಾರಾಷ್ಟ್ರದಿಂದ ಮೈಸೂರು ಅರಮನೆಗೆ ಹೋಗಿಬರುವಾಗ ಹುಬ್ಬಳ್ಳಿ-ಧಾರವಾಡಗಳಲ್ಲಿ ತಂಗುತ್ತಿದ್ದರು. ಅವರಿಂದ ಕುಂದಗೋಳದ ರಾಮಭಾವು ಕಲಿತು 'ಸವಾಯಿ ಗಂಧರ್ವ' ಎನಿಸಿಕೊಂಡರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಕಲಿತರು. ಸಿತಾರದ ರಹಿಮತ್ ಖಾನರು ಉತ್ತರದಿಂದ ಬಂದು ಧಾರವಾಡದಲ್ಲಿಯೇ ನೆಲೆ ನಿಂತರು. ಅವರ ಮೊಮ್ಮಗ ಬಾಲೇಖಾನರು 2007ರಲ್ಲಿ ತೀರಿಕೊಳ್ಳುವವರೆಗೂ ಆ ಮನೆತನದ ನಾದವನ್ನು ಈ ಊರಿಗೆ ಉಣಬಡಿಸಿದರು. ಪಕ್ಕದ ಮನಸೂರಿನಲ್ಲಿ ಹುಟ್ಟಿದ ಮಲ್ಲಿಕಾರ್ಜುನರು ಜೈಪುರ ಘರಾಣೆಯ ಮಂಜಿಖಾನ್, ಬುರ್ಜಿಖಾನರಿಂದ ವಿದ್ಯೆ ಪಡೆದರು. ಮುಸಲ್ಮಾನ ಗುರು, ಲಿಂಗಾಯತ ಶಿಷ್ಯ, ಬ್ರಾಹ್ಮಣ ಯಜಮಾನನ ವಾಡೆ, ಮಠದ ಅಂಗಳ: ಇವೆಲ್ಲ ಕೂಡಿ ಆದ ಸಂಗೀತವಿದು. ಒಂದು ಮನೆಯವರು ಜಾಗ ಕೊಟ್ಟರು, ಇನ್ನೊಂದು ಮನೆಯವರು ಊಟ ಹಾಕಿದರು, ಮತ್ತೊಂದು ಮನೆಯವರು ರಾತ್ರಿಯಿಡೀ ಕುಳಿತು ಕೇಳಿದರು. ಈ ಮೂರನೆಯ ಸೇವೆಯನ್ನು ಚರಿತ್ರೆ ಬರೆಯುವವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅದಿಲ್ಲದಿದ್ದರೆ ಮೊದಲೆರಡಕ್ಕೂ ಅರ್ಥವಿರುತ್ತಿರಲಿಲ್ಲ.

ಸಂಗೀತದ ಹಾಗೆಯೇ ಇಲ್ಲಿನ ಸಂಸ್ಥೆಗಳದೂ ದೊಡ್ಡ ಆಯುಷ್ಯ. 1890ರಲ್ಲಿ ರಾ.ಹ. ದೇಶಪಾಂಡೆಯವರು ಕಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಇಂದಿಗೂ ತನ್ನ ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟಿದೆ. 1933ರಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆಯ 'ಅಟ್ಟ' ಕನ್ನಡದ ಎಷ್ಟೋ ಲೇಖಕರಿಗೆ ಮನೆಯಾಯಿತು. 1950ರ ಜನವರಿ 8ರಂದು ಆರಂಭವಾದ ಆಕಾಶವಾಣಿ ಕೇಂದ್ರವು ಹಾಡುಗಾರರಿಗೆ ಅನ್ನ ಕೊಟ್ಟಿತು, ಹಳ್ಳಿಯ ಮನೆಗಳಿಗೆ ಹಾಡು ಕೊಟ್ಟಿತು.

ನಾನು ಈ ಸೀಮೆಗೆ ಹೊರಗಿನಿಂದ ಬಂದವನು. ಗುರುಮಠದಲ್ಲಿ ನಮಗೆ ಕಲಿಸಿದ ಸಂಗೀತ ಬೇರೆ ಬಗೆಯದು. ಐದು ಗೆರೆಗಳ ಮೇಲೆ ಬರೆದಿಟ್ಟ ಸ್ವರಗಳನ್ನು, ಬರೆದಂತೆಯೇ, ಎಲ್ಲರೂ ಒಂದಾಗಿ ಹಾಡುವುದು. ಅದರ ಸೊಗಸು ನನಗೆ ಇಂದಿಗೂ ಪ್ರಿಯ. ಆದರೆ ಇಲ್ಲಿ ಮೊದಲ ಬೈಠಕ್ಕಿನಲ್ಲಿ ಕುಳಿತಾಗ ನನಗೆ ಅಚ್ಚರಿಯಾದದ್ದು ಹಾಡುಗಾರನನ್ನು ನೋಡಿಯಲ್ಲ, ಕೇಳುಗರನ್ನು ನೋಡಿ. ತಬಲಾದ ಆವರ್ತನ ಸುತ್ತಿ ಸುತ್ತಿ ಬಂದು ಮೊದಲ ಮಾತ್ರೆಗೆ ಮುಟ್ಟುವ ಆ ಘಳಿಗೆಗೆ 'ಸಮ್' ಎಂದು ಹೆಸರು. ಹಾಡುಗಾರ ಎಲ್ಲೆಲ್ಲೋ ಅಲೆದಾಡಿ, ಇನ್ನೇನು ದಾರಿ ತಪ್ಪಿತು ಎನ್ನುವಷ್ಟರಲ್ಲಿ ಸರಿಯಾಗಿ ಅಲ್ಲಿಗೇ ಬಂದಿಳಿಯುತ್ತಾನೆ. ಆ ಕ್ಷಣ ಇಡೀ ಸಭೆಯ ತಲೆಗಳು ಒಮ್ಮೆಲೇ ತೂಗುತ್ತವೆ. ಪ್ರಾಧ್ಯಾಪಕರ ತಲೆ, ಪೇಢೆ ಅಂಗಡಿಯವರ ತಲೆ, ಬಾಗಿಲಲ್ಲಿ ನಿಂತ ಕಾವಲುಗಾರನ ತಲೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ರಾಗದ ಹೆಸರು ತಿಳಿಯದವರೂ ಆ ಜಾಗವನ್ನು ಬಲ್ಲರು. ಹಾಡುಗಾರ ಆ ತೂಗುವ ತಲೆಗಳನ್ನು ನೋಡಿ ಮುಂದಿನ ಸುತ್ತಿಗೆ ಧೈರ್ಯ ತಂದುಕೊಳ್ಳುತ್ತಾನೆ. ಇಲ್ಲಿ ಕೇಳುಗನೆಂದರೆ ಟಿಕೆಟು ಕೊಂಡು ಕುಳಿತ ಗಿರಾಕಿಯಲ್ಲ. ಅವನೂ ಹಾಡಿನ ಒಂದು ಭಾಗ.

ಹೀಗಿರುವಾಗ ಖಾಲಿ ಕುರ್ಚಿ ಬರಿಯ ಖಾಲಿ ಕುರ್ಚಿಯಾಗಿ ಉಳಿಯುವುದಿಲ್ಲ. ಕೆಲ ಕಾಲದ ಹಿಂದೆ ಒಂದು ಸಂಜೆ ಹೀಗೊಂದು ಸಭೆಗೆ ಹೋಗಿದ್ದೆ. ದೂರದ ಊರಿನಿಂದ ಬಂದ ತರುಣ ಗಾಯಕ. ಇನ್ನೂರು ಜನ ಹಿಡಿಯುವ ಸಭಾಂಗಣದಲ್ಲಿ ನಾವಿದ್ದದ್ದು ಹನ್ನೊಂದು ಮಂದಿ. ಸಂಘಟಕರು ಸಂಕೋಚದಿಂದ ಬಾಗಿಲ ಕಡೆಗೇ ನೋಡುತ್ತಿದ್ದರು. ಆಗ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, "ಎಲ್ಲಾರೂ ಮುಂದ ಬರ್ರಿ, ಹತ್ತರ ಕೂಡ್ರಿ. ಹಾಡು ಕೇಳೋದು ಗ್ವಾಡಿ ಅಲ್ಲ, ಮಂದಿ" ಎಂದರು. ಹನ್ನೊಂದು ಮಂದಿಯೂ ಮುಂದೆ ಬಂದು ವೇದಿಕೆಯ ಬುಡದಲ್ಲಿ ಜಮಖಾನೆಯ ಮೇಲೆ ಕುಳಿತೆವು. ಆ ತರುಣ ಎರಡು ಗಂಟೆ ಹಾಡಿದ. ಚೆನ್ನಾಗಿಯೇ ಹಾಡಿದ. ಆದರೂ ಮನೆಗೆ ಮರಳುವಾಗ ನನ್ನ ಮನಸ್ಸನ್ನು ಒಂದು ಚಿಂತೆ ಕಾಡಿತು. ಹಾಡುವವರು ಇನ್ನೂ ಹುಟ್ಟುತ್ತಿದ್ದಾರೆ; ಕೇಳುವವರು ಹುಟ್ಟುವುದು ನಿಂತುಹೋದರೆ ಈ ಊರಿನಲ್ಲಿ ಉಳಿಯುವುದೇನು? ಹೆಸರಾಂತರ ಹೆಸರಿಟ್ಟ ಭವನಗಳು ಮಾತ್ರವಲ್ಲವೇ?

ಅಂದಿನಿಂದ, ಬಂದ ಆಮಂತ್ರಣ ಪತ್ರಿಕೆಗಳನ್ನು ದೇವಾಲಯದ ಸೂಚನಾ ಫಲಕದ ಒಂದು ಮೂಲೆಯಲ್ಲಿ ಅಂಟಿಸುವ ರೂಢಿ ಮಾಡಿಕೊಂಡೆ. ಇದಕ್ಕೆ ಆಕ್ಷೇಪಣೆ ಬರದಿರಲಿಲ್ಲ. ಪಾಲನಾ ಸಮಿತಿಯ ಹಿರಿಯರೊಬ್ಬರು, "ಫಾದರ್, ವಿವಾಹ ಪ್ರಕಟಣೆ ಹಚ್ಚೋ ಜಾಗಾದಾಗ ಊರ ನಾಟಕದ ಚೀಟಿ ಯಾಕ್ರಿ? ನಮ್ಮ ಕಾರ್ಯಕ್ರಮಕ್ಕ ನಮ್ಮ ಮಂದಿ ಬರೋದ ಕಷ್ಟ ಆಗೇತಿ" ಎಂದು ಕೇಳಿದರು. ಅವರ ಮಾತಿನಲ್ಲಿ ಹುರುಳಿತ್ತು. ನಮ್ಮ ಗಾನವೃಂದಕ್ಕೇ ಮಕ್ಕಳು ಸಾಲದಾಗಿರುವಾಗ ಊರಿನ ಸಭೆಗಳನ್ನು ತುಂಬಿಸಲು ಹೊರಡುವುದೇಕೆ?

ನಾನು ಅವರಿಗೆ ಹೇಳಿದ್ದಿಷ್ಟು. ಊರಿನ ಹಾಡಿಗೆ ಕಿವಿಗೊಡದ ಮಗು ನಮ್ಮ ಗಾನವೃಂದಕ್ಕೂ ಬರುವುದಿಲ್ಲ, ಅದು ಮನೆಯಲ್ಲಿ ಮೊಬೈಲು ಹಿಡಿದು ಕೂರುತ್ತದೆ. ನಮ್ಮ ಸ್ಪರ್ಧೆ ಊರಿನೊಂದಿಗಲ್ಲ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಕುರಿತು ಹೊರಡಿಸಿದ ದಾಖಲೆಯು, ತಮ್ಮದೇ ಸಂಗೀತ ಪರಂಪರೆಯುಳ್ಳ ಜನರ ನಡುವೆ ಆ ಸಂಗೀತಕ್ಕೆ ತಕ್ಕ ಮಾನ್ಯತೆ ಸಲ್ಲಬೇಕೆಂದು ಹೇಳಿದೆ. ಕೇಳದೆಯೇ ಮಾನ್ಯ ಮಾಡುವುದು ಹೇಗೆ? ಮತ್ತೊಂದು ಮಾತು: ಕ್ರಿಸ್ಮಸ್ ಗೀತೆಗಳ ಸಂಜೆಗೆ ನೆರೆಹೊರೆಯವರು ಬರಲೆಂದು ನಾವು ಪ್ರತಿ ವರ್ಷ ಬಯಸುತ್ತೇವೆ. ಅವರ ಮನೆಯ ಹಬ್ಬಕ್ಕೆ ಹೋಗದವನು ತನ್ನ ಮನೆಯ ಹಬ್ಬಕ್ಕೆ ಅವರನ್ನು ಯಾವ ಬಾಯಿಂದ ಕರೆದಾನು? ಹಿರಿಯರು ಒಪ್ಪಿದರೆಂದು ಹೇಳಲಾರೆ. ಆದರೆ ಫಲಕದ ಆ ಮೂಲೆ ಉಳಿಯಿತು.

ಅದೇ ಫಲಕದ ಮುಂದೆ ಒಂದು ಭಾನುವಾರ ರೈಲ್ವೆ ಕಾರ್ಖಾನೆಯಲ್ಲಿ ದುಡಿಯುವ ತಂದೆಯೊಬ್ಬರು ನನ್ನನ್ನು ನಿಲ್ಲಿಸಿದರು. ಒಂಬತ್ತನೆಯ ತರಗತಿಯಲ್ಲಿರುವ ಮಗಳು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಾಳೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಕ್ಲಾಸು ಬಿಡಿಸಬೇಕೆಂದಿದ್ದಾರೆ. "ಹಾಡಿದ್ರ ಹೊಟ್ಟಿ ತುಂಬತೈತೇನ್ರಿ ಫಾದರ್?" ಎಂಬುದು ಅವರ ಪ್ರಶ್ನೆ. ದುಡಿದು ತಿನ್ನುವವರ ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ತುಂಬುತ್ತದೆ ಎಂದು ನಾನು ಹೇಳಲಿಲ್ಲ. ಗಂಗೂಬಾಯಿ ಹಾನಗಲ್ಲರ ವಿಷಯ ಹೇಳಿದೆ. 1913ರಲ್ಲಿ ಈ ಧಾರವಾಡದಲ್ಲಿಯೇ ಹುಟ್ಟಿದ ಆ ಹೆಣ್ಣುಮಗಳು 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಸಮ್ಮುಖದಲ್ಲಿ ಹಾಡಿದ್ದರು. ಮುಂದೆ ಬಡತನ, ಜಾತಿಯ ಅವಮಾನ ಎಲ್ಲವನ್ನೂ ನುಂಗಿಕೊಂಡು, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಪಾಠ ಕಲಿತರು. 2002ರಲ್ಲಿ ಪದ್ಮವಿಭೂಷಣ ಬಂತು. 2009ರಲ್ಲಿ ತೀರಿಕೊಂಡಾಗ ತಮ್ಮ ಕಣ್ಣುಗಳನ್ನೂ ದಾನವಾಗಿ ಕೊಟ್ಟು ಹೋದರು. "ನಿಮ್ಮ ಮಗಳು ಗಂಗೂಬಾಯಿ ಆಗಬೇಕಿಲ್ಲ. ಆದರೆ ಈ ಊರಿನಲ್ಲಿ ಹುಟ್ಟಿ ಹಾಡು ತಿಳಿಯದೆ ಬೆಳೆಯುವುದು ಹೊಳೆಯ ದಂಡೆಯಲ್ಲಿ ಹುಟ್ಟಿ ಈಜು ಕಲಿಯದ ಹಾಗೆ. ಕ್ಲಾಸು ಬಿಡಿಸುವ ಮೊದಲು ಒಮ್ಮೆ ಅವಳ ಜೊತೆ ಸಂಗೀತ ಸಭೆಗೆ ಹೋಗಿ ಕುಳಿತು ಬನ್ನಿ" ಎಂದೆ.

ಅವರು ಹೋದರು. ಹಿಂದಿನ ಸಾಲಿನಲ್ಲಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರಂತೆ. ಮರುವಾರ ನನಗೆ ಅವರು ಹೇಳಿದ್ದು ಒಂದೇ ಮಾತು: "ಎಲ್ಲಾರೂ ಒಮ್ಮೆಲೇ ತಲಿ ಹಾಕ್ತಾರಲ್ರಿ ಫಾದರ್, ಅದು ಯಾಕ ಅಂತ ಮಗಳು ಕೈ ಮ್ಯಾಲೆ ಎಣಿಸಿ ತೋರಿಸಿದ್ಲು." ಹದಿನಾರು ಮಾತ್ರೆಗಳ ತೀನ್‌ತಾಲವನ್ನು ಮಗಳು ತಂದೆಗೆ ಬೆರಳುಗಳ ಮೇಲೆ ಕಲಿಸಿದ್ದಳು. ಕ್ಲಾಸು ಈವರೆಗೆ ನಿಂತಿಲ್ಲ. ಮುಂದಿನ ವರ್ಷದ ಮಾತು ಮುಂದಿನ ವರ್ಷಕ್ಕೆ.

ಪ್ರಿಯ ಓದುಗರೇ, ಬರಲಿರುವ ತಿಂಗಳುಗಳತ್ತ ಒಮ್ಮೆ ನೋಡಿ. ಸೆಪ್ಟೆಂಬರ್ 12 ಮಲ್ಲಿಕಾರ್ಜುನ ಮನಸೂರರು 1992ರಲ್ಲಿ ನಮ್ಮನ್ನಗಲಿದ ದಿನ. ಡಿಸೆಂಬರ್ 31 ಅವರು 1910ರಲ್ಲಿ ಹುಟ್ಟಿದ ದಿನ. ಅವರ 'ಮೃತ್ಯುಂಜಯ' ಮನೆ ಈಗ ಸ್ಮಾರಕ. ಮಕ್ಕಳನ್ನು ಕರೆದುಕೊಂಡು ಹೋಗಲು ತಂಬೂರಿ ಹಿಡಿಯಲು ಬರಬೇಕಿಲ್ಲ. ಸೆಪ್ಟೆಂಬರಿನಲ್ಲಿಯೇ ಸಾಮಾನ್ಯವಾಗಿ ಕೃಷಿ ವಿಶ್ವವಿದ್ಯಾಲಯದ ಮೇಳ. ಅದೂ ಒಂದು ಊರಹಬ್ಬ, ಬೀಜದಿಂದ ಎತ್ತಿನವರೆಗೆ ಎಲ್ಲವನ್ನೂ ಕಾಣಲು ರೈತರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ನವೆಂಬರ್ 1 ರಾಜ್ಯೋತ್ಸವ. 1956ರ ಆ ಏಕೀಕರಣಕ್ಕಾಗಿ ದಶಕಗಳ ಕಾಲ ದುಡಿದ ಆಲೂರು ವೆಂಕಟರಾಯರು ಇದೇ ಊರಿನಲ್ಲಿ ಬಾಳಿದವರು. ಜನವರಿ 31 ಬೇಂದ್ರೆಯವರ ಹುಟ್ಟುದಿನ. ಸಾಧನಕೇರಿಯ ಬೇಂದ್ರೆ ಭವನದಲ್ಲಿ ಅಂದು ಕಾವ್ಯದ ಸಡಗರ. 2019ರ ಜನವರಿಯಲ್ಲಿ ಇಲ್ಲಿ ನಡೆದ 84ನೆಯ ಸಾಹಿತ್ಯ ಸಮ್ಮೇಳನಕ್ಕೆ ಜನಸಾಗರವೇ ಹರಿದುಬಂದಿತ್ತು. ಅಂತಹ ಜಾತ್ರೆಗಳಿಗೆ ನಾವೂ ಹೋಗುತ್ತೇವೆ. ಊರನ್ನು ಉಳಿಸುವುದು ಆ ಜಾತ್ರೆಗಳಲ್ಲ, ಮಂಗಳವಾರ ಸಂಜೆ ನಲವತ್ತು ಜನ ಸೇರುವ ಸಣ್ಣ ಸಭೆಗಳು.

ಈ ಸಣ್ಣ ಸಭೆಗಳನ್ನು ಇಲ್ಲಿ ಬಹುಮಟ್ಟಿಗೆ ನಡೆಸುವುದು 'ದತ್ತಿ' ಎಂಬ ಸರಳ ಏರ್ಪಾಡು. ತೀರಿಕೊಂಡ ತಂದೆಯ, ತಾಯಿಯ ಹೆಸರಿನಲ್ಲಿ ಒಂದು ಕುಟುಂಬ ಸಂಸ್ಥೆಯಲ್ಲಿ ಹಣ ಇಡುತ್ತದೆ. ಅದರ ಬಡ್ಡಿಯಿಂದ ವರ್ಷಕ್ಕೊಮ್ಮೆ ಒಂದು ಉಪನ್ಯಾಸವೋ ಗಾಯನವೋ ನಡೆಯುತ್ತದೆ. ಅಗಲಿದವರ ನೆನಪಿನಲ್ಲಿ ನಾವೂ ಪೂಜೆ ಅರ್ಪಿಸುತ್ತೇವೆ, ಊಟ ಹಾಕುತ್ತೇವೆ. ಅದರ ಜೊತೆಗೆ, ಅನುಕೂಲವುಳ್ಳ ಒಂದೆರಡು ಕುಟುಂಬಗಳು ಊರಿನ ಮಕ್ಕಳಿಗಾಗಿ ಇಂಥದೊಂದು ದತ್ತಿ ಇಡಲಾರವೇ? ಧರ್ಮಕೇಂದ್ರದ ಸಭಾಭವನ ಮದುವೆಗಳಿಲ್ಲದ ದಿನ ಬೀಗ ಹಾಕಿಕೊಂಡಿರುತ್ತದೆ. ತಾಲೀಮಿಗೆ ಜಾಗವಿಲ್ಲದೆ ಅಲೆಯುವ ನಾಟಕದ ಹುಡುಗರಿಗೆ ವಾರಕ್ಕೆರಡು ಸಂಜೆ ಅದರ ಬಾಗಿಲು ತೆರೆಯಬಾರದೇ?

ಅಷ್ಟು ಆಗದಿದ್ದರೆ, ಕನಿಷ್ಠ ತಿಂಗಳಿಗೊಂದು ಸಂಜೆ ಕುಟುಂಬ ಸಮೇತರಾಗಿ ಒಂದು ಸಭೆಗೆ ಹೋಗೋಣ. ಇಲ್ಲಿ ಹೆಚ್ಚಿನ ಕಾರ್ಯಕ್ರಮಗಳಿಗೆ ಪ್ರವೇಶ ಶುಲ್ಕವಿಲ್ಲ. ಅರ್ಥವಾಗುವುದಿಲ್ಲವೆಂದು ಹೆದರಬೇಕಿಲ್ಲ, ನಾಲ್ಕನೆಯ ಸಲಕ್ಕೆ ತಲೆ ತಾನಾಗಿಯೇ ತೂಗುತ್ತದೆ. ಮೊಬೈಲನ್ನು ಕಿಸೆಯಲ್ಲಿಡೋಣ. ಹಿಂದಿನ ಸಾಲಿನಲ್ಲಿ ಅಡಗದೆ ಮುಂದೆ ಹೋಗಿ ಕೂರೋಣ, ವಂದನಾರ್ಪಣೆಯ ಮೊದಲೇ ಎದ್ದು ಹೋಗದಿರೋಣ. ಪಕ್ಕದಲ್ಲಿ ಕುಳಿತವರ ಹೆಸರು ಕೇಳೋಣ, ನಮ್ಮ ಹೆಸರು ಹೇಳೋಣ. ಹೀಗೆ ಹೆಸರು ಗೊತ್ತಿರುವವರ ನಡುವೆ ಕೆಟ್ಟ ದಿನಗಳಲ್ಲಿ ಸುಳ್ಳು ಸುದ್ದಿ ಸುಲಭವಾಗಿ ಹಬ್ಬುವುದಿಲ್ಲ. ಒಂದೇ ಸಮ್‌ಗೆ ಕೂಡಿ ತಲೆತೂಗಿದ ಜನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವುದು ಅಷ್ಟು ಸುಲಭವಲ್ಲ.